ದುರಗಮ್ಮನ ವೋಟು ಯಾರಿಗೆ?

"ಸುಳ್ಳು ರೀ ಟೀಚರ್! ಶುದ್ಧ ಸುಳ್ಳು!"

ಕಾಶಿನಾಥ ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಅಮೃತಾಳ ಮುಖ ಬ್ಯಾಡಗಿ ಮೆಣಸಿನಕಾಯಿಯೇ ನಾಚಬೇಕು, ಅಷ್ಟು ಕೆಂಪಾಯಿತು.

ಅವಳು ಹೇಳಿದ್ದು ಇಷ್ಟೇ: "ನಮ್ಮಜ್ಜಿ ವೋಟು ಹಾಕಿದೋರು ಇಲ್ಲೀತನಕ ಒಬ್ರೂ ಸೋತಿಲ್ರಿ."

ಸಿದ್ದಾಪುರದ ಆ ಐದನೇ ಕ್ಲಾಸಿನಲ್ಲಿ ಅವತ್ತು ಕೊಪ್ಪಳ ಲೋಕಸಭಾ ಕ್ಷೇತ್ರದ ಮಾತು ನಡೆದಿತ್ತು. ಎಲೆಕ್ಷನ್ ಮುಗಿದು ಇನ್ನೂ ಬಹಳ ದಿನ ಆಗಿರಲಿಲ್ಲ. ಹಿಂದೆಲ್ಲ ಯಾವ ಗುರುತು ಗೆದ್ದಿತ್ತು, ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದಿದ್ದರು ಲಲಿತಾ ಟೀಚರ್. ಮಕ್ಕಳು ಹೇಳಿದಂತೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿದರು. ಮೊದಲು ಆಕಳು-ಕರು. ಆಮೇಲೆ ಕೈ. ಒಮ್ಮೆ ಚಕ್ರ, ಮತ್ತೆ ಕೈ, ಮತ್ತೆ ಚಕ್ರ, ಮತ್ತೆ ಕೈ. ಆಮೇಲೆ ಕಮಲ. ಈ ಸಲ ತಿರುಗಿ ಕೈ.

"ನಮ್ಮಜ್ಜಾನೂ ಗೆದ್ದೋರಿಗೇ ಹಾಕ್ಯಾನಂತ್ರಿ!" ಎಂದಳು ಹಸೀಬಾ.

"ನಮ್ಮ ಮನ್ಯಾಗೂ ರೀ!" ಎಂದಿತು ಇಡೀ ಕ್ಲಾಸು.

ಟೀಚರಿಗೆ ನಗು ತಡೆಯಲಾಗಲಿಲ್ಲ. "ಮತ್ತ ಸೋತೋರಿಗೆ ಲಕ್ಷಗಟ್ಟಲೆ ವೋಟು ಬಿದ್ದಾವಲ್ಲ, ಅವನ್ನ ಕಾಲುವಿ ಕಪ್ಪಿ ಬಂದು ಹಾಕಿದ್ವೇನು?"

ಊಟದ ಬಿಡುವಿನಲ್ಲಿ ಕಾಶಿನಾಥ ಅಮೃತಾಳ ದಾರಿಗೆ ಅಡ್ಡ ನಿಂತ. ಅವನ ಅಜ್ಜ ಶರಣಬಸಪ್ಪ ಸಾಹುಕಾರರ ಗದ್ದೆಗೇ ಅಮೃತಾಳ ಅಜ್ಜಿ ದುರಗಮ್ಮ ನಾಟಿ ಮಾಡಲು ಹೋಗುತ್ತಿದ್ದಳು. ಸಾಹುಕಾರರ ಪಾರ್ಟಿ ಈ ಸಲ ಸೋತಿತ್ತು.

"ನಿಮ್ಮಜ್ಜಿ ನಮ್ಮಜ್ಜನ ಮುಂದ 'ನಿಮಗ ಹಾಕ್ತೀನ್ರಿ ಧಣಿ' ಅಂದಿದ್ಲು. ಗೆದ್ದೋರಿಗೆ ಹಾಕಿದ್ರ ಆಕಿ ಸುಳ್ಳಿ. ನಮಗ ಹಾಕಿದ್ರ ನೀ ಸುಳ್ಳಿ. ಖರೆ ಕೇಳ್ಕೊಂಡು ಬಾ. ನಮ್ಮಜ್ಜಗೂ ಗೊತ್ತಾಗಬೇಕಂತ."

"ಕೇಳ್ಕೊಂಡು ಬರ್ತೀನಿ, ಹೋಗೋ!" ಎಂದಳು ಅಮೃತಾ.

ಸಂಜೆ ದುರಗಮ್ಮಜ್ಜಿ ಕಟ್ಟೆಯ ಮೇಲೆ ಕುಳಿತು, ಕೆಸರು ತಿಂದ ಕಾಲ್ಬೆರಳಿಗೆ ಎಣ್ಣೆ-ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ಅಜ್ಜಿಯ ಬಾಯಿ ಎಂದರೆ ತುಂಗಭದ್ರೆಯ ಎಡದಂಡೆ ಕಾಲುವೆ. ಒಮ್ಮೆ ಗೇಟು ಎತ್ತಿದರೆ ಸಿಂಧನೂರಿನ ತನಕ ನೀರು.

"ನಾ ಮೊದಲ ವೋಟು ಹಾಕಿದಾಗ ಪಾಳಿ ಎಷ್ಟುದ್ದ ಇತ್ತಂದ್ರ, ತುದಿ ಕಾರಟಗ್ಯಾಗ ಇತ್ತು! ನಿಂತು ನಿಂತು ನನ್ನ ಕೂದಲಾ ಬೆಳ್ಳಗಾದ್ವು!"

"ಅದೆಲ್ಲ ಬಿಡಬೇ. ಈ ಸಲ ಯಾರಿಗೆ ಹಾಕಿದಿ? ಖರೆ ಹೇಳು. ಕಾಶಿನಾಥ ಕೇಳ್ಯಾನ. ಅವರಜ್ಜಗೂ ಬೇಕಂತ."

ಎಣ್ಣೆ ಹಚ್ಚುತ್ತಿದ್ದ ಕೈ ನಿಂತಿತು.

"ಸಾಹುಕಾರಗ ಬೇಕಂತೇನು?"

"ಹೂಂ."

ಅಜ್ಜಿ ಪಕ್ಕದ ಮನೆಯತ್ತ ಗದ್ದ ತೋರಿಸಿದಳು. "ಹಮೀದಾಬಿ ಒಮ್ಮೆ 'ನಿಮಗ ಹಾಕಿಲ್ರಿ' ಅಂತ ಖರೆ ಹೇಳಿದ್ಲು. ಸಾಹುಕಾರ ಏನೂ ಬೈಲಿಲ್ಲ. ನಕ್ಕು ಹೋದ. ಆದ್ರ ಆ ಸಲ ನಾಟಿಗೆ ಎಲ್ಲಾರ್ನೂ ಕರೆದ, ಆಕಿನ್ನ ಕರೀಲಿಲ್ಲ. ಪಾಪ, ಕೆಲಸ ಹುಡುಕ್ಕೊಂಡು ನವಲಿತನಕ ಅಡ್ಡಾಡಿದ್ಲು."

"ಅದಕ್ಕ ನೀ ಎಲ್ಲಾರಿಗೂ ಹೂಂ ಅಂತಿಯೇನು?"

"ಕೈಯವ್ರು ಬಂದ್ರ ಹೂಂ, ಹೂವಿನವ್ರು ಬಂದ್ರ ಹೂಂ. ಕತ್ತಿ-ಗುದ್ದಲಿ ಗುರುತಿನವ್ರು ಬಂದ್ರೂ ಹೂಂ! ಗೆದ್ದ ಮ್ಯಾಲೆ, ನಾ ಹಾಕಿದ್ದ ಗೆದ್ದೈತಿ ಅಂತೀನಿ. ಮೊದಲ ಸಲ ನಿಮ್ಮ ಮುತ್ಯಾ, ನನ್ನ ಗಂಡ, ಕೇಳಿದ್ದ: 'ನಾ ಹೇಳಿದ ಗುರುತಿಗೇ ಮುದ್ರಿ ಒತ್ತಿದಿಲ್ಲ?' ಹೂಂ ಅಂದೆ."

"ಖರೇನ ಒತ್ತಿದ್ದೇನು?"

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನಮ್ಮ ದೇವಿ ಹುಲಿಗೆಮ್ಮ ತಾಯಿ ಕನಸಿನ್ಯಾಗ ಬಂದು ಕೇಳಿದ್ಲು. ಆಕಿಗೂ ಹೇಳಿಲ್ಲ. ಒಳಗ ಆ ಡಬ್ಬಿ ಮುಂದ ನಿಂತಾಗ ಸಾಹುಕಾರನೂ ಇಲ್ಲ, ಗಂಡನೂ ಇಲ್ಲ. ನಾ ಒಬ್ಬಾಕಿ. ಈಗ ನೀ ಏನರ ಹೇಳ್ಕೋ ಹೋಗು ತಂಗಿ."

ಮರುದಿನ ಶಾಲೆಯ ಗೇಟಿನ ಹತ್ತಿರ ಸಾಹುಕಾರರ ಬೈಕು ನಿಂತಿತ್ತು. ಹಿಂದಿನಿಂದ ಕಾಶಿನಾಥ ಇಳಿದ. ಸಾಹುಕಾರರು ಬಹಳ ಪ್ರೀತಿಯಿಂದ ನಕ್ಕರು.

"ಏನವಾ ಅಮೃತಾ, ಏನಂದ್ಲು ನಿಮ್ಮಜ್ಜಿ?"

ಸುತ್ತ ಅರ್ಧ ಕ್ಲಾಸು ನೆರೆದಿತ್ತು. ಹಸೀಬಾ ಕಣ್ಣು ಬಿಟ್ಟು ನೋಡುತ್ತಿದ್ದಳು.

"ನಿಮಗ ಹಾಕ್ಯಾಳಂತ್ರಿ," ಎಂದಳು ಅಮೃತಾ.

"ನನಗ ಗೊತ್ತಿತ್ತು ಬಿಡು. ದುರಗಮ್ಮ ನಮ್ಮಾಕಿ!" ಸಾಹುಕಾರರು ಬೈಕು ತಿರುಗಿಸಿಕೊಂಡು ಹೊರಟರು.

ಕಾಶಿನಾಥ ಕುಣಿದಾಡಿಬಿಟ್ಟ. "ಹಂಗಾದ್ರ ನಿಮ್ಮಜ್ಜಿ ಸೋತಾಳ! ನಿನ್ನೆ ಏನಂದಿದ್ದಿ? ಸುಳ್ಳಿ! ಅಮೃತಾ ಸುಳ್ಳಿ!"

ಗಂಟೆ ಬಾರಿಸಿದರೂ ಆ ಕೂಗು ನಿಲ್ಲಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಒಮ್ಮೆ, ನೀರಿನ ನಳದ ಹತ್ತಿರ ಒಮ್ಮೆ. 'ಅಜ್ಜಿ ಯಾರಿಗೂ ಹೇಳೇ ಇಲ್ಲ' ಎಂಬ ಉತ್ತರ ಅಮೃತಾಳ ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡಳು.

ಸಂಜೆ ಮೊಣಕಾಲತನಕ ಕೆಸರು ಮೆತ್ತಿಕೊಂಡು ಹೆಂಗಸರು ಕಾಲುವೆಯ ಏರಿ ಹಿಡಿದು ಬಂದರು. ದುರಗಮ್ಮಜ್ಜಿಯೂ ಇದ್ದಳು. ನಾಳೆಯೂ ಬಾ ಎಂದಿದ್ದರಂತೆ ಸಾಹುಕಾರರು.

ಅಮೃತಾ ಕೊಡದಲ್ಲಿ ನೀರು ತಂದು ಅಜ್ಜಿಯ ಕಾಲಿಗೆ ಹಾಕಿದಳು.

"ಸಾಲ್ಯಾಗ ಏನಂದಿ ತಂಗಿ?"

"ಹೇಳಂಗಿಲ್ಲ," ಎಂದಳು ಅಮೃತಾ. "ಹುಲಿಗೆಮ್ಮಗೂ ಹೇಳಂಗಿಲ್ಲ."