ಒಂದೇ ಸ್ವರ ಸರಿಯಾಗಿತ್ತು

"ಗಂಡನ ಹೆಣ ನೋಡಿದ್ದಾಯ್ತು. ಮಗಳನ್ನಾದರೂ ಉಳಿಸಿಕೊಡಿ ದೊಡ್ಡಮ್ಮ," ಎಂದಳು ಆರ್ಗನಿಸ್ಟನ ಹೆಂಡತಿ. ಅವಳ ಅಂಗೈಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು.

ನನ್ನ ದೊಡ್ಡಮ್ಮ ಶವಾಗಾರದಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು. ಪೊಲೀಸರಿಗೂ ಅವಳು ದೊಡ್ಡಮ್ಮನೇ. ಅವಳ ಕೈಚೀಲ ಹೊತ್ತು ನಾನೂ ಹೊರಟೆ.

ಕೆಥೆಡ್ರಲ್‌ನ ಅಟ್ಟದಲ್ಲಿ ಇಪ್ಪತ್ತೇಳು ವರ್ಷ ಕೊಳವೆಗಳ ಆರ್ಗನ್ ನುಡಿಸಿದ ಮನುಷ್ಯ ಅದರ ಬುಡದಲ್ಲೇ ಬಿದ್ದಿದ್ದ. ಮೂರು ಏಟಿಗೆ ತಲೆಬುರುಡೆಯ ಹಿಂಭಾಗ ಒಳಗೆ ಕುಸಿದಿತ್ತು. ಕೀಲಿಮಣೆಯ ಕೀಲಿಗಳ ಮೇಲೆಲ್ಲ ರಕ್ತ ಚಿಮ್ಮಿತ್ತು. ಒಂದು ಕೀಲಿಯ ರಕ್ತದಲ್ಲಿ ಮಾತ್ರ ಪುಟ್ಟ ಚೌಕದ ಅಚ್ಚು.

"ಮಗಳಿಗೆ ಅಪ್ಪನ ಜಾಗ ಬೇಕಿತ್ತು, ಆತ ಬಿಡಲಿಲ್ಲ. ಬೆಳಿಗ್ಗೆ ಜಗಳ ಆಡಿದ್ದಾರೆ. ಇನ್ನೇನು ಬೇಕು?" ಎಂದ ಇನ್‌ಸ್ಪೆಕ್ಟರ್. ಮಗಳ ಕೈಗೆ ಆಗಲೇ ಕೋಳ ಬಿದ್ದಿತ್ತು.

ಗಂಟೆ ಬಾರಿಸುವವ ಹೇಳಿದ: "ಮಧ್ಯಾಹ್ನ ಒಂದೇ ಸ್ವರ ಸಾರ್, ಎಮ್ಮೆ ಅರಚಿದ ಹಾಗೆ, ಐದು ನಿಮಿಷ. ಆರ್ಗನ್ ಮೇಷ್ಟ್ರು ನಿದ್ದೆ ಹೋದರೇನೋ ಅಂದ್ಕೊಂಡೆ."

"ಹೆಣದ ತಲೆ ಕೀಲಿ ಮೇಲೆ ಬಿದ್ದಿರಬೇಕು," ಎಂದ ಇನ್‌ಸ್ಪೆಕ್ಟರ್.

"ತಲೆ ಬಿದ್ದರೆ ಆರೇಳು ಸ್ವರ ಒಟ್ಟಿಗೆ ಕೂಗ್ತಾವೆ ಕಣಯ್ಯ. ಬೇಕಾದರೆ ನಿನ್ನ ತಲೆ ಇಟ್ಟು ನೋಡು," ಎಂದಳು ದೊಡ್ಡಮ್ಮ.

ಮಾರನೆಯ ದಿನ ಅವಳು ಎಲ್ಲರನ್ನೂ ಅಟ್ಟಕ್ಕೆ ಕರೆಸಿದಳು. ತಾಯಿ, ಮಗಳು, ಪಾದ್ರಿ, ಜೊತೆಗೆ ವರ್ಷಕ್ಕೆರಡು ಸಲ ಬಂದು ಕೊಳವೆಗಳ ಶ್ರುತಿ ಹೊಂದಿಸುವ ಶ್ರುತಿಗಾರ. ತಾನು ಆರು ತಿಂಗಳಿಂದ ಇತ್ತ ತಲೆಯೇ ಹಾಕಿಲ್ಲ ಎಂದು ಅವನು ಹೇಳಿದ್ದ.

"ಒಂದೊಂದೇ ಕೀಲಿ ಒತ್ತಮ್ಮ," ಎಂದಳು ದೊಡ್ಡಮ್ಮ. ಕೋಳದ ಕೈಯಲ್ಲೇ ಮಗಳು ಒತ್ತಿದಳು.

"ಎಲ್ಲಾ ಒಂದಿಷ್ಟು ಆಚೀಚೆ ಆಗಿವೆ, ದೊಡ್ಡಮ್ಮ. ಇದೊಂದೇ ಸರಿಯಾಗಿದೆ."

ಚೌಕದ ಅಚ್ಚಿದ್ದ ಕೀಲಿ ಅದೇ. ನಾನು ಆರ್ಗನ್ನಿನ ಒಳಗೆ ಹೋಗಿ ಅದರ ಕೊಳವೆ ಕಿತ್ತು ತಂದೆ. ತೋಳುದ್ದದ ಭಾರವಾದ ಮರದ ಕೊಳವೆ. ಒರೆಸಿದ್ದರೂ ಮೂಲೆಯ ಬಿರುಕಿನಲ್ಲಿ ರಕ್ತ, ಕೂದಲು.

"ಹೊಡೆದಿದ್ದು ಇದರಿಂದ," ಎಂದಳು ದೊಡ್ಡಮ್ಮ. "ಏಟಿಗೆ ಇದರ ತುದಿಯಲ್ಲಿ ಶ್ರುತಿ ಏರಿಳಿಸುವ ಬಿರಡೆ ಜರುಗಿ ಶ್ರುತಿ ಕೆಟ್ಟಿತು. ಬೇರೆ ಯಾರಾದರೂ ಕೊಳವೆ ವಾಪಸ್ ತೂರಿಸಿ ಓಡಿಬಿಡ್ತಿದ್ದರು. ಈ ಶ್ರುತಿಗಾರನ ಕಿವಿ ಬಿಡಲಿಲ್ಲ. ಒಬ್ಬನೇ ಇದ್ದದ್ದರಿಂದ ಕೀಲಿ ಒತ್ತಿ ಹಿಡಿಯಲು ಸೀಸದ ತುಂಡು ಇಟ್ಟ. ಅದಕ್ಕೇ ಹಸಿ ರಕ್ತದಲ್ಲಿ ಅಚ್ಚು, ಅದಕ್ಕೇ ಒಂದೇ ಸ್ವರ. ಶ್ರುತಿ ಸರಿಹೋಗೋವರೆಗೂ ಬಿರಡೆ ಜರುಗಿಸಿದ್ದಾನೆ." ಶ್ರುತಿಗಾರನ ಚೀಲ ಕಸಿದು ಸುರಿದಳು. ಚೌಕದ ಸೀಸ ಉರುಳಿ ಬಿತ್ತು. ಅಚ್ಚಿನ ಮೇಲಿಟ್ಟಳು. ಸರಿಯಾಗಿ ಕೂತಿತು.

"ಯಾಕೆ ಕೊಂದ?" ಇನ್‌ಸ್ಪೆಕ್ಟರ್ ಕೇಳಿದ.

ಪಾದ್ರಿ ತಲೆ ತಗ್ಗಿಸಿದರು. "ಮೇಷ್ಟ್ರು ನನಗೆ ಕಾಗದ ಬರೆದಿದ್ದರು. ಇವನ ಕಿವಿ ಹೋಗಿದೆ, ಬೇರೆಯವರನ್ನು ಕರೆಸಿ ಅಂತ. ನಾನೇ ಅದನ್ನ ಇವನಿಗೆ ತೋರಿಸಿದೆ."

ಶ್ರುತಿಗಾರ ನೆಗೆದು ಮಗಳ ಕುತ್ತಿಗೆ ಹಿಡಿದ. ನನ್ನ ಕೈಯಲ್ಲಿ ಕೊಳವೆ ಇನ್ನೂ ಇತ್ತು. ಅವನ ದವಡೆಗೆ ಬೀಸಿದೆ. ಎರಡು ಹಲ್ಲು ಕೀಲಿಗಳ ಮೇಲೆ ಬಿದ್ದವು.

ನೆಲದಲ್ಲಿ ರಕ್ತ ಉಗುಳುತ್ತಾ ಅವನು ಮಗಳನ್ನೇ ಕೇಳಿದ: "ಹೇಳು, ಶ್ರುತಿ ಸರಿ ಇತ್ತಾ ಇಲ್ವಾ?"

ಅವಳು ಕುತ್ತಿಗೆ ನೀವಿಕೊಂಡಳು. "ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಪ್ಪ ಬರೆದದ್ದೇ ತಪ್ಪು."

ಇನ್‌ಸ್ಪೆಕ್ಟರ್ ಅವಳ ಕೋಳ ಬಿಚ್ಚಿ ಅವನಿಗೆ ತೊಡಿಸಿದ.