ಆರದ ಎಣ್ಣೆ

ಗುರುವಾರ ಬೆಳಗ್ಗೆ ಕಾವೇರಮ್ಮ ಠಾಣೆಗೆ ಬಂದರು. ಬಿನ್ನಿಪೇಟೆಯ ಸೋಪು ಕಾರ್ಖಾನೆಯಲ್ಲಿ ಸೋಮವಾರ ಟ್ಯಾಂಕಿನಿಂದ ಡ್ರಮ್ಮಿಗೆ ತಾಳೆಎಣ್ಣೆ ಇಳಿಸುವಾಗ ಪೈಪು ಕಳಚಿ, ಮೈ ಸುಟ್ಟುಕೊಂಡು, ಬುಧವಾರ ಆಸ್ಪತ್ರೆಯಲ್ಲಿ ತೀರಿಕೊಂಡ ಕೈಲಾಸನ ತಾಯಿ.

"ಎಣ್ಣೆ ಬೇಗ ಇಳೀಲಿ ಅಂತ ಭಾನುವಾರ ಅವ್ನೇ ಕದ್ದು ಹೀಟರ್ ಹಾಕ್ದ ಅಂತಾವ್ರೆ ಕಾರ್ಖಾನೆಯೋರು, ಮೇಡಂ. ಭಾನುವಾರ ಪೂರ್ತಿ ಅವ್ನು ಮತ್ತಿಕೆರೇಲಿ ನನ್ ತಮ್ಮನ ಮನೇಲಿದ್ದ."

ಇನ್ಸ್‌ಪೆಕ್ಟರ್ ಪ್ರತಿಭಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ನಾಗಭೂಷಣ್ ಮತ್ತು ಇಬ್ಬರು ಪಂಚರೊಂದಿಗೆ ಕಾರ್ಖಾನೆಗೆ ಹೋದರು. ಎಂಜಿನಿಯರ್ ಸಂಕರ್ಷಣ ಟ್ಯಾಂಕು ತೋರಿಸಿದ.

"ಹೀಟರ್ ಯಾವಾಗ ಆಫ್ ಮಾಡಿದ್ರಿ?"

"ಶನಿವಾರ ಸಂಜೆ. ಟ್ಯಾಂಕಿನ ಗೋಡೆ ಪಕ್ಕದ ಎಣ್ಣೆ ತಣ್ಣಗಾಗಿ ಕೆಳಗಿಳಿಯತ್ತೆ, ಬಿಸಿದು ಆ ಜಾಗಕ್ಕೆ ಬರತ್ತೆ. ಹಾಗೇ ಸುತ್ತುತ್ತಾ ಸೋಮವಾರದ ಹೊತ್ತಿಗೆ ನಲವತ್ತೈದು ಡಿಗ್ರಿಗೆ ಇಳಿದಿರ್ಬೇಕು. ಇಳಿದಿಲ್ಲ ಅಂದ್ರೆ ಯಾರೋ ಹೀಟರ್ ಹಾಕಿದಾರೆ."

"ಅಳೆದು ನೋಡಿದ್ರಾ?"

"ಥರ್ಮಾಮೀಟರ್ ಕೆಟ್ಟಿತ್ತು. ಲೆಕ್ಕ ಹಾಕಿದ್ದೆ."

ಪ್ರತಿಭಾ ಟ್ಯಾಂಕಿನ ಸುತ್ತ ಒಮ್ಮೆ ನಡೆದರು. ಪಕ್ಕದ ಟ್ಯಾಂಕುಗಳ ಮೇಲೆ ವರ್ಷಗಟ್ಟಲೆಯ ಧೂಳು, ಜಿಡ್ಡು. ಇದೊಂದರ ತಗಡು ಮಾತ್ರ ಒರೆಸಿಟ್ಟಂತೆ ಹೊಳೆಯುತ್ತಿತ್ತು. ಬೆಸುಗೆಯ ಸಂದಿನಲ್ಲಿ ಹಳದಿ ಎಳೆಗಳು ಸಿಕ್ಕಿಕೊಂಡಿದ್ದವು. ಶೆಡ್ಡಿನ ಹಿಂದೆ ಹೋಗಿದ್ದ ನಾಗಭೂಷಣ್ ಕೈ ತುರಿಸಿಕೊಳ್ಳುತ್ತಾ ಬಂದರು.

"ಗಾಜಿನ ಉಣ್ಣೆ ಮೇಡಂ, ಬಿಸಿ ಆರದ ಹಾಗೆ ಸುತ್ತೋದು. ಒಂದು ರಾಶಿ. ಹೊಸದು. ಮುಟ್ಟಿದ್ರೆ ತುರಿಸತ್ತೆ."

ಪ್ರತಿಭಾ ಸಂಕರ್ಷಣನ ಕಡೆ ತಿರುಗಿದರು. ಅವನ ಮುಂಗೈ ಕೂಡ ಕೆಂಪಗೆ ದದ್ದೆದ್ದಿತ್ತು.

"ಈ ಟ್ಯಾಂಕಿಗೆ ಹೊದಿಕೆ ಇತ್ತಲ್ವಾ?"

ಅವನು ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

"ಹೋದ ತಿಂಗಳು ಹಾಕಿಸಿದ್ದು. ಕರೆಂಟು ಉಳಿಯತ್ತೆ ಅಂತ. ಲೆಕ್ಕ ಮಾತ್ರ ಹಳೇದೇ ಇಟ್ಕೊಂಡಿದ್ದೆ. ಹೊದಿಕೆ ಇದ್ರೆ ಸೋಮವಾರಕ್ಕೂ ಎಂಬತ್ತರ ಮೇಲೇ ಇರತ್ತೆ."

ಹೀಟರನ್ನು ಯಾರೂ ಹಾಕಿರಲಿಲ್ಲ. ಎಣ್ಣೆ ಆರಿರಲೇ ಇಲ್ಲ.

ಪಂಚನಾಮೆ ಮುಗಿದಾಗ ಮಧ್ಯಾಹ್ನವಾಗಿತ್ತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶದ ಆರೋಪದ ಮೇಲೆ ಸಂಕರ್ಷಣನನ್ನು ಬಂಧಿಸಿದರು.

ಜೀಪು ಚಾಮರಾಜಪೇಟೆ ದಾಟುವಾಗ ಅವನೇ ಬಾಯಿಬಿಟ್ಟ.

"ಅವತ್ತು ಬೆಳಗ್ಗೆ 'ಆರಿದೆಯಾ ಸಾರ್' ಅಂತ ಕೈಲಾಸ್ ಕೇಳಿದ್ದ. 'ಆರಿದೆ, ತೆಗಿ' ಅಂದಿದ್ದೆ."

"ಮೊದಲೇ ಹೇಳ್ಬಹುದಿತ್ತಲ್ಲ."

"ಹೇಳೋಣ ಅಂತಲೇ ಅವತ್ತು ಸಂಜೆ ಆಸ್ಪತ್ರೆಗೆ ಹೋದೆ. ಅವನಿಗೆ ಎಚ್ಚರ ಇತ್ತು. 'ಪೈಪು ನಾನೇ ಸರಿಯಾಗಿ ಕಟ್ಲಿಲ್ಲ ಅನ್ಸತ್ತೆ, ಬೇಜಾರು ಮಾಡ್ಕೋಬೇಡಿ ಸಾರ್' ಅಂದ. ಆಮೇಲೆ ನನಗೆ ಬಾಯಿ ಬರಲಿಲ್ಲ."

ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ ಹೊದಿಕೆ ಕಿತ್ತಿದ್ದ.

ಜೀಪು ಠಾಣೆಯ ಮುಂದೆ ನಿಂತಿತು. ಠಾಣೆಯ ಮೆಟ್ಟಿಲ ಮೇಲೆ ಕಾವೇರಮ್ಮ ಇನ್ನೂ ಕೂತಿದ್ದರು. ಈ ಮಾತಿನಲ್ಲಿ ಎಷ್ಟನ್ನು ಆಕೆಗೆ ಹೇಳುವುದೋ ತಿಳಿಯದೆ ಪ್ರತಿಭಾ ಜೀಪಿನಿಂದ ನಿಧಾನವಾಗಿ ಇಳಿದರು.