ಬಿಡುಗಡೆ ಬೋಲ್ಟು

ಕಂಟ್ರೋಲ್ ರೂಮಿನಿಂದ ಸಂಕೇತ ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೆಲದೊಳಗಿನಿಂದ, ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಅಲುಗುವಂಥ ಸಣ್ಣ ಸದ್ದು ಬಂತು. ಕ್ರೇನಿನ ಸರಪಳಿ ಬಿಗಿಯಾಯಿತು. ಮೂರು ಅಂತಸ್ತಿನಷ್ಟು ಎತ್ತರದ ಉಕ್ಕಿನ ಕಂಬವೊಂದು ತನ್ನ ಕಾಲಡಿಯ ಬೋಲ್ಟುಗಳ ಸಮೇತ ಕಾಂಕ್ರೀಟಿನಿಂದ ಮೇಲೆದ್ದು ಗಾಳಿಯಲ್ಲಿ ತೂಗಿತು. ಗ್ಯಾಸ್ ಕಟರಿನ ಕಿಡಿಯಿಲ್ಲ, ಡ್ರಿಲ್ಲಿನ ಅಬ್ಬರವಿಲ್ಲ, ಧೂಳಿಲ್ಲ. ಕಂಬ ನಿಂತಿದ್ದಲ್ಲಿ ನಾಲ್ಕು ದುಂಡನೆಯ ತೂತುಗಳು ಮಾತ್ರ ಉಳಿದವು.

ಅದು 2058ರ ಫೆಬ್ರವರಿ. ಕೊಪ್ಪಳದಾಚೆ ಮಟ್ಟಿಗುಡ್ಡ ಎಂಬಲ್ಲಿ ಗಾಳಿಯಂತ್ರಗಳಿಗೆ ರೆಕ್ಕೆ ತಯಾರಿಸುವ ದೊಡ್ಡ ಕಾರ್ಖಾನೆಯೊಂದಿತ್ತು. ಕಂಬ ಎದ್ದದ್ದನ್ನು ಬೇಲಿಯ ಹೊರಗೆ ಹೆಲ್ಮೆಟ್ ಹಾಕಿಕೊಂಡು ನೋಡುತ್ತಿದ್ದವರು ಡಾಕ್ಟರ್ ಸರ್ವಮಂಗಳಾ. ಆ ಬೋಲ್ಟನ್ನು ಕಂಡುಹಿಡಿದವರು ಅವರೇ. ಕ್ರೇನಿನವರು ಕೈಯೆತ್ತಿ ನಮಸ್ಕಾರ ಮಾಡಿದರು. ಅವರೂ ಕೈಯೆತ್ತಿದರು. ಹಳೆಯ ಯಂತ್ರ ತೆಗೆದು ಹೊಸದನ್ನು ಕೂರಿಸುತ್ತಾರೆ ಎಂದೇ ಅವರು ತಿಳಿದಿದ್ದರು.

ಕಟ್ಟಡವಾಗಲಿ ಯಂತ್ರವಾಗಲಿ ನೆಲದ ಮೇಲೆ ಸುಮ್ಮನೆ ನಿಲ್ಲುವುದಿಲ್ಲ. ಗಾಳಿ, ನಡುಕ, ತನ್ನದೇ ತೂಕ ಅದನ್ನು ಅಲುಗಿಸುತ್ತಲೇ ಇರುತ್ತವೆ. ಅದನ್ನು ನೆಲಕ್ಕೆ ಹಿಡಿದಿಡುವುದು ಆ್ಯಂಕರ್ ಬೋಲ್ಟು. ಹಳೆಯ ಕಾಲದ್ದು ಸರಳ ವಸ್ತು: ಉಕ್ಕಿನ ಸರಳಿನ ಒಂದು ತುದಿಗೆ ಮರೆ, ಅಂದರೆ ನಟ್ಟು ಏರುವ ಸುರುಳಿಗೆರೆ, ಇನ್ನೊಂದು ತುದಿ ಕೊಕ್ಕೆಯಂತೆ ಬಾಗಿರುತ್ತಿತ್ತು. ಆ ಕೊಕ್ಕೆಯನ್ನು ಹಸಿ ಕಾಂಕ್ರೀಟಿನಲ್ಲಿ ಹೂತು ಗಟ್ಟಿಯಾಗಲು ಬಿಟ್ಟರೆ ಮುಗಿಯಿತು, ಮತ್ತೆ ಹೊರಗೆ ಬರುತ್ತಿರಲಿಲ್ಲ. ಕಂಬ ತೆಗೆಯಬೇಕಾದರೆ ಬೋಲ್ಟನ್ನು ಬೆಂಕಿಯಿಂದ ಕತ್ತರಿಸಬೇಕು, ಇಲ್ಲವೇ ತಳಪಾಯವನ್ನೇ ಒಡೆಯಬೇಕು.

ಸರ್ವಮಂಗಳಾ ಅವರ ಗಂಡ ಶಶಿಕಾಂತ ಹೀಗೆ ಕತ್ತರಿಸುವ ಜಾಗದಲ್ಲೇ ಸತ್ತಿದ್ದರು. ಮುಚ್ಚಿದ ಸಕ್ಕರೆ ಕಾರ್ಖಾನೆಯೊಂದರ ಕಂಬ ಕೆಡವುವಾಗ ಕ್ರೇನು ಹಿಡಿದುಕೊಳ್ಳುವ ಮೊದಲೇ ಕೊನೆಯ ಬೋಲ್ಟು ತುಂಡಾಯಿತು. ಕಂಬದಡಿ ಇಬ್ಬರು ಕೆಲಸಗಾರರೂ ಅವರನ್ನು ಹಿಂದಕ್ಕೆ ಎಳೆಯಲು ಓಡಿದ ಶಶಿಕಾಂತರೂ ಸಿಕ್ಕಿದರು. ಆಗ ಸರ್ವಮಂಗಳಾಗೆ ಮೂವತ್ತೆಂಟು. ಮಕ್ಕಳಿರಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಹಗಳ ಪಾಠ ಹೇಳುತ್ತಿದ್ದ ಅವರು ಆಮೇಲೆ ಬೋಲ್ಟಿನ ಕೆಲಸ ಬಿಟ್ಟು ಬೇರೆ ಯಾವುದನ್ನೂ ಮಾಡಲಿಲ್ಲ.

ಕೆಲವು ಮಿಶ್ರಲೋಹಗಳಿಗೆ ತಮ್ಮ ಮೊದಲಿನ ಆಕಾರ ನೆನಪಿರುತ್ತದೆ. ಬಗ್ಗಿಸಿದರೂ ತಿರುಚಿದರೂ ಒಂದು ಗೊತ್ತಾದ ಬಿಸಿಗೆ ಬಂದೊಡನೆ ಹಳೆಯ ರೂಪಕ್ಕೆ ಮರಳುತ್ತವೆ. ಅಂಥ ಲೋಹದ ತೆಳುವಾದ ಕವಚವನ್ನು ಅವರು ಬೋಲ್ಟಿಗೆ ತೊಡಿಸಿದರು. ಮಾಮೂಲಿ ಹೊತ್ತಿನಲ್ಲಿ ಕವಚದ ಮೇಲಿನ ಸಣ್ಣ ಹುರುಪೆಗಳು ಮೀನಿನ ಕಿವಿರಿನಂತೆ ಅರಳಿ ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತಿದ್ದವು. ಆ ಹಿಡಿತ ಹಳೆಯ ಕೊಕ್ಕೆಗಿಂತ ಬಲವಾಗಿತ್ತು. ವಿದ್ಯುತ್ತು ಹರಿದು ಕವಚ ಬಿಸಿಯಾದರೆ ಹುರುಪೆಗಳು ಒಳಗೆ ಮಡಚಿಕೊಂಡು ಬೋಲ್ಟು ಸಲೀಸಾಗಿ ಜಾರಿ ಬರುತ್ತಿತ್ತು. ಕೆಲಸಗಾರರು ಅದಕ್ಕೆ ಬಿಡುಗಡೆ ಬೋಲ್ಟು ಎಂದು ಹೆಸರಿಟ್ಟರು. ಅದು ಬಂದ ಮೇಲೆ ಕಂಬ ಕೀಳುವಾಗ ಯಾರೂ ಸಾಯಲಿಲ್ಲ. ಆ ಒಂದು ಮಾತಿನ ಮೇಲೆ ಸರ್ವಮಂಗಳಾ ಅಷ್ಟು ವರ್ಷ ಒಬ್ಬರೇ ಬದುಕಿದ್ದರು.

ಅದನ್ನು ಇಡೀ ಕಾರ್ಖಾನೆಗೆ ಬಳಸಿದ ಮೊದಲ ಜಾಗ ಮಟ್ಟಿಗುಡ್ಡ. ಬೋಲ್ಟುಗಳು ಹೇಗೆ ಬಾಳುತ್ತವೆಂದು ನೋಡಲು ಕಂಪನಿ ಅವರಿಗೆ ಕಾಲೊನಿಯಲ್ಲೇ ಮನೆ ಕೊಟ್ಟಿತ್ತು. ಅಕ್ಕಪಕ್ಕದವರು ಗೌರವದಿಂದ ನಮಸ್ಕರಿಸುತ್ತಿದ್ದರು, ಒಳಗೆ ಬಂದು ಕೂರುತ್ತಿರಲಿಲ್ಲ. ಕೂತು ಮಾತಾಡುತ್ತಿದ್ದವಳೆಂದರೆ ಗೇಟಿನೆದುರು ಖಾನಾವಳಿ ನಡೆಸುತ್ತಿದ್ದ ನೀಲಗಂಗವ್ವ. ಮಧ್ಯಾಹ್ನದ ರೊಟ್ಟಿ, ಪಲ್ಯ, ಸಾರು ಅವಳೇ ತಂದುಕೊಡುತ್ತಿದ್ದಳು.

ಕಂಬ ಎದ್ದ ದಿನವೂ ತಂದಳು. ಡಬ್ಬಿ ಕೆಳಗಿಟ್ಟು ನಿಂತೇ ಇದ್ದಳು.

"ಅಕ್ಕಾರ, ಎಲ್ಲಾ ಒಯ್ತಾರಂತ್ರಿ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರ ಎಲ್ಲಾನೂರಿ. ಶೆಡ್ಡು, ಮಷೀನು, ನೀರಿನ ಟಾಕಿ. ಹುಡುಗರ ಸಾಲಿನೂ. ಒಡಿಶಾದ ಕಡೆ ಜಾಗ ಆಗೇತಂತ. ನಮ್ಮ ಮನಿಯವ್ರಿಗೂ ಹೊಂಡು ಅಂದಾರ."

ಅವಳ ಗಂಡ ಯಂಕೋಬ ಅಲ್ಲೇ ಕ್ರೇನ್ ನಡೆಸುತ್ತಿದ್ದ. ಅಂದು ಆ ಕಂಬ ಎತ್ತಿದವನೂ ಅವನೇ.

"ಇಷ್ಟು ದೊಡ್ಡ ಫ್ಯಾಕ್ಟರಿ ಹಾಗೆಲ್ಲ ಹೋಗೋಕಾಗಲ್ಲ ನೀಲಗಂಗವ್ವ," ಎಂದರು ಸರ್ವಮಂಗಳಾ. ಹೋಗಲು ಆಗುತ್ತದೆಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತಿತ್ತು?

ಹೋಳಿ ಹುಣ್ಣಿಮೆಗೆ ಮೊದಲೇ ಕಾರ್ಖಾನೆ ಲಾರಿಗಳನ್ನು ಹತ್ತಿತು. ಗಂಡಸರು ಅದರ ಹಿಂದೆ ಹೊರಟರು. ಹೊಸ ಜಾಗದಲ್ಲಿ ಎಷ್ಟು ದಿನವೆಂದು ಯಾರೂ ಹೇಳಲಾರದ್ದರಿಂದ ಹೆಂಡಿರು ಮಕ್ಕಳನ್ನು ತವರಿಗೋ ನೆಂಟರ ಮನೆಗೋ ಕಳಿಸಿದರು. ಕಾಲೊನಿಯ ಮನೆಗಳೂ ಜೋಡಿಸಿ ನಿಲ್ಲಿಸಿದವೇ ಆಗಿದ್ದವು. ಒಂದೊಂದು ಸಾಲು ಖಾಲಿಯಾದಂತೆ ಕ್ರೇನು ಬಂದು ಎತ್ತಿಕೊಂಡು ಹೋಗುತ್ತಿತ್ತು.

ತಮ್ಮ ಮನೆಯ ಸರದಿ ಬಂದ ದಿನ ಸರ್ವಮಂಗಳಾ ಎರಡು ಪೆಟ್ಟಿಗೆಗಳೊಂದಿಗೆ ರಸ್ತೆಯಂಚಿನಲ್ಲಿ ನಿಂತರು. ನೆಲದಡಿ ಅದೇ ಸಣ್ಣ ಸದ್ದು. ಅಡುಗೆಮನೆಯ ಕಿಟಕಿ, ಮುಂಬಾಗಿಲು, ಬಾಗಿಲಿಗೆ ಅವರೇ ಕಟ್ಟಿದ ಒಣಗಿದ ತೋರಣ ಎಲ್ಲವೂ ಒಟ್ಟಿಗೆ ಮೇಲಕ್ಕೆದ್ದವು. ಹಿತ್ತಲಿನ ಕರಿಬೇವಿನ ಗಿಡ ಮಾತ್ರ ಉಳಿಯಿತು. ಮನೆಯಿಲ್ಲದೆ ಅದು ತೀರ ಸಣ್ಣದಾಗಿ ಕಂಡಿತು.

ತುಮಕೂರಿನಲ್ಲಿದ್ದ ತಂಗಿ ಬಾ ಎಂದು ಕರೆದಳು. ಸರ್ವಮಂಗಳಾ ಹೊರಡಲಿಲ್ಲ. ನೀಲಗಂಗವ್ವನ ಖಾನಾವಳಿ ಇಟ್ಟಿಗೆಯದು, ಅದನ್ನು ಯಾರೂ ಎತ್ತಿಕೊಂಡು ಹೋಗುವಂತಿರಲಿಲ್ಲ. ಅದರ ಹಿಂದಿನ ಕೋಣೆಯಲ್ಲಿ ಅವಳು ಮಂಚ ಹಾಕಿಕೊಟ್ಟಳು.

"ನೀವು ಹೋಗಲ್ವಾ, ಯಂಕೋಬನ ಜೊತೆ?"

"ಎಲ್ಲಿಗಂತ ಹೋಗ್ಲಿರಿ? ಅಲ್ಲಿ ಒಲಿ ಹಚ್ಚೂದ್ರಾಗ ಮತ್ತೊಂದ ಊರಿಗೆ ಹೊಂಟಿರತಾರ. ಇಲ್ಲಿ ಒಲಿನರ ಐತಿ." ಸ್ವಲ್ಪ ತಡೆದು ಕೇಳಿದಳು: "ಅಕ್ಕಾರ, ಮಂದಿ ಅಂತಾರ, ಆ ಬೋಲ್ಟ ನೀವ ಮಾಡಿದ್ದಂತ. ಖರೇ ಏನ್ರಿ?"

"ಖರೇ."

ನೀಲಗಂಗವ್ವ ಬೈಯುತ್ತಾಳೆಂದು ಅವರು ಕಾದರು. ಅವಳು ಬೈಯಲಿಲ್ಲ. ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮಟ್ಟಿಗುಡ್ಡದ ಕತೆ ಅದೊಂದರದೇ ಆಗಿರಲಿಲ್ಲ. ಆ ವರ್ಷಗಳಲ್ಲಿ ಕಂಪನಿಗಳೆಲ್ಲ ಹಗುರವಾಗಿದ್ದವು. ಎಲ್ಲಿ ಕರೆಂಟು ಅಗ್ಗವೋ, ಎಲ್ಲಿ ತೆರಿಗೆ ಕಡಿಮೆಯೋ ಅಲ್ಲಿಗೆ ಕಾರ್ಖಾನೆ ಎದ್ದು ಹೋಗುತ್ತಿತ್ತು. ಆಸ್ಪತ್ರೆಗಳು ಹೋದವು, ಕಾಲೇಜುಗಳು ಹೋದವು. ತೂತು ಬಿದ್ದ ತಳಪಾಯಗಳ ಬಯಲುಗಳು ಎಲ್ಲ ಜಿಲ್ಲೆಗಳಲ್ಲೂ ಕಾಣತೊಡಗಿದವು. ಬೋಲ್ಟು ತಾನಾಗಿ ಯಾರನ್ನೂ ಹೊರಡಿಸಿರಲಿಲ್ಲ. ಹೊರಡುವವರನ್ನು ತಡೆಯುತ್ತಿದ್ದ ಕಷ್ಟವನ್ನು ಮಾತ್ರ ತೆಗೆದುಹಾಕಿತ್ತು.

ಸರ್ವಮಂಗಳಾ ಬೆಂಗಳೂರಿಗೆ ಹೋಗಿ ನಿರ್ಮಾಣ ನಿಯಮಗಳ ಸಮಿತಿಯ ಮುಂದೆ ಕೂತರು. ಜನರಿಗೆ ಕೆಲಸ ಕೊಡುವ ಕಟ್ಟಡಗಳಿಗೆ ಬಿಡುಗಡೆ ಬೋಲ್ಟು ಹಾಕಬೇಕಾದರೆ ಊರಿನವರ ಒಪ್ಪಿಗೆಯಿಲ್ಲದೆ ಅದು ಹಿಡಿತ ಬಿಡದಂತಿರಬೇಕೆಂದು ನಿಯಮ ಮಾಡಿ, ಅದರ ವಿನ್ಯಾಸ ನಾನೇ ಕೊಡುತ್ತೇನೆ ಎಂದರು. ಸಮಿತಿಯ ಅಧ್ಯಕ್ಷ ಭಾರ್ಗವ ಒಂದು ಕಾಲದಲ್ಲಿ ಅವರ ಶಿಷ್ಯನಾಗಿದ್ದವನು. ತಾಳ್ಮೆಯಿಂದ ಕೇಳಿಸಿಕೊಂಡ.

"ಮೇಡಂ, ಹಾಗೆ ನಿಯಮ ಮಾಡಿದರೆ ಕಂಪನಿಯವರು ನಿಮ್ಮ ಬೋಲ್ಟನ್ನೇ ಬಿಡ್ತಾರೆ. ಹಳೇ ಕೊಕ್ಕೆ ಬೋಲ್ಟಿಗೆ ಹೋಗ್ತಾರೆ. ಮತ್ತೆ ಗ್ಯಾಸ್ ಕಟರ್. ನೀವೇ ಹೇಳಿ, ನಿಮ್ಮ ಬೋಲ್ಟು ಬಂದ ಮೇಲೆ ಈ ಕೆಲಸದಲ್ಲಿ ಎಷ್ಟು ಜನ ಸತ್ತಿದ್ದಾರೆ?"

"ಯಾರೂ ಇಲ್ಲ."

"ಮತ್ತೆ?"

ಅವನು ವ್ಯಂಗ್ಯವಾಡಿರಲಿಲ್ಲ. ಶಶಿಕಾಂತರ ಅಂತ್ಯಕ್ರಿಯೆಗೆ ಬಂದು ಮೂಲೆಯಲ್ಲಿ ನಿಂತು ಅತ್ತಿದ್ದ ಹುಡುಗ ಅವನು. ಸರ್ವಮಂಗಳಾ ಟೇಬಲ್ಲಿನ ಮೇಲಿದ್ದ ನೀರು ಕುಡಿದು ಎದ್ದರು. ವಾಪಸು ರೈಲಿನಲ್ಲಿ ಕಿಟಕಿಯಾಚೆ ಹೊಲಗಳು ಹಿಂದೆ ಸರಿಯುತ್ತಿದ್ದವು. ಎದುರು ಸೀಟಿನ ಹೆಂಗಸು ಯಾವೂರು ಎಂದು ಕೇಳಿದಾಗ ಅವರು ತಾವು ಇಳಿಯುವ ಸ್ಟೇಷನ್ನಿನ ಹೆಸರು ಹೇಳಿದರು.

ಆ ಮಳೆಗಾಲ ನೀಲಗಂಗವ್ವನ ಖಾನಾವಳಿಗೆ ಗಿರಾಕಿಗಳೇ ಇರಲಿಲ್ಲ. ಯಂಕೋಬನ ಫೋನು ಮೊದಮೊದಲು ದಿನವೂ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ. ಹಿಂಗಾರು ಬರುವ ಹೊತ್ತಿಗೆ ಅವನು ಒಡಿಶಾದಿಂದಲೂ ಮುಂದೆ ಹೋಗಿದ್ದ. ಇಬ್ಬರು ಹೆಂಗಸರೂ ಒಂದೇ ಸೂರಿನಡಿ ಇದ್ದು, ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದರು.

ಸುತ್ತಲ ಹಳ್ಳಿಯ ಹೆಂಗಸರ ಸಂಘವೊಂದು ಶೇಂಗಾ ಎಣ್ಣೆಯ ಗಿರಣಿ ಹಾಕಬೇಕೆಂದು ಹೊರಟದ್ದು ಆಗ. ನೀಲಗಂಗವ್ವ ಅದಕ್ಕೆ ಸೇರಿದಳು. ಪಂಚಾಯ್ತಿ ಕಾರ್ಖಾನೆಯಿದ್ದ ಖಾಲಿ ಜಾಗದಲ್ಲಿ ಒಂದು ತುಂಡು ಕೊಟ್ಟಿತು. ಬಳಸದೆ ಉಳಿದು ಕಂಪನಿ ಬಿಟ್ಟುಹೋದ ಬಿಡುಗಡೆ ಬೋಲ್ಟುಗಳ ರಾಶಿ ಮೂಲೆಯಲ್ಲಿ ಬಿದ್ದಿತ್ತು.

"ಪುಕ್ಕಟೆ ಅದಾವಲ್ರಿ ಅಕ್ಕಾರ, ಅವನ್ನ ಹಾಕೂಣು."

"ಬೇಡ."

"ಯಾಕ್ರಿ? ನೀವ ಮಾಡಿದ್ದು."

"ಇವತ್ತು ನೀವೆಲ್ಲ ಒಟ್ಟಿಗಿದ್ದೀರಿ. ಎಂದೋ ಒಂದು ದಿನ ಜಗಳ ಆಗುತ್ತೆ, ಆಗದೆ ಇರುತ್ತಾ? ಜಗಳ ಆದ ದಿನವೇ ಗಿರಣಿ ಕಿತ್ತುಕೊಂಡು ಹೋಗೋ ಹಾಗಿರಬಾರದು."

ಹಳೆಯ ಕೊಕ್ಕೆ ಬೋಲ್ಟು ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಸರ್ವಮಂಗಳಾ ಗಂಗಾವತಿಯ ಮೆಹಬೂಬಸಾಬರ ಲೇತ್ ಅಂಗಡಿಗೆ ಹೋಗಿ ನಕ್ಷೆ ಬರೆದುಕೊಟ್ಟರು. ಸಾಬರು ಉಕ್ಕಿನ ಸರಳುಗಳನ್ನು ಅಳತೆಗೆ ಕತ್ತರಿಸಿ ಒಂದು ತುದಿಗೆ ಮರೆ ಕೊರೆದರು. ಇನ್ನೊಂದು ತುದಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ದಪ್ಪ ಗೂಟಕ್ಕೆ ಆನಿಸಿ ಬಗ್ಗಿಸಿದರು. ತಣ್ಣಗಾದ ಮೊದಲ ಬೋಲ್ಟನ್ನು ಸರ್ವಮಂಗಳಾ ಕೈಗೆ ತೆಗೆದುಕೊಂಡರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಯಾವುದರ ವಿರುದ್ಧ ಕೆಲಸ ಮಾಡಿದ್ದರೋ ಅದೇ ಆಕಾರ. ಕೊಕ್ಕೆಯ ಒಳಬದಿಗೆ ಹೆಬ್ಬೆರಳು ತಾಗಿದಾಗ ಅದನ್ನು ಮತ್ತೆ ಕೆಳಗಿಟ್ಟರು.

"ಭಾರ ಆತೇನ್ರಿ ಮೇಡಂ?" ಎಂದರು ಸಾಬರು.

"ಇಲ್ಲ. ಕಂಬಕ್ಕೆ ನಾಲ್ಕು ಅಂದಿದ್ದೆ, ಆರು ಮಾಡಿ. ಯಾವುದೇ ಎರಡು ತುಂಡಾದರೂ ಕಂಬ ಬೀಳಬಾರದು."

ಶಶಿಕಾಂತರ ಮೇಲೆ ಬಿದ್ದ ಕಂಬಕ್ಕೆ ನಾಲ್ಕೇ ಇದ್ದವು.

ಹೊಸ ತಳಪಾಯಕ್ಕೆ ಗುಂಡಿ ತೆಗೆದು ಕಂಬಿ ಕಟ್ಟಿದರು. ಬೋಲ್ಟುಗಳು ಓರೆಯಾಗದಂತೆ ತೂತು ಕೊರೆದ ತಗಡಿನ ಅಚ್ಚಿನಲ್ಲಿ ನಿಲ್ಲಿಸಿ, ಸಿಮೆಂಟು ಅಂಟದಂತೆ ಮರೆಗೆ ಗ್ರೀಸು ಸವರಿ ಟೇಪು ಸುತ್ತಿದರು. ಕಾಂಕ್ರೀಟು ಸುರಿಯುವಾಗ ಸರ್ವಮಂಗಳಾ ಗುಂಡಿಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದರು. ಬೂದುಬಣ್ಣದ ಹಸಿ ರಾಶಿ ಏರುತ್ತ ಬಂದು ಕೊಕ್ಕೆಗಳನ್ನು ಮುಚ್ಚಿತು. ಇನ್ನು ಅವು ಯಾರ ಮಾತನ್ನೂ ಕೇಳುವುದಿಲ್ಲ. ಮುಂದೆಂದೋ ಒಂದು ದಿನ ಒಬ್ಬ ಕೆಲಸಗಾರ ಬೆಂಕಿ ಹಿಡಿದು ಇದರ ಮುಂದೆ ಕೂರಬೇಕಾಗುತ್ತದೆ. ಅವನಿಗೆ ಕಷ್ಟವಾಗಲಿ, ಆದರೆ ಅಪಾಯ ಆಗದಿರಲಿ ಎಂದು ಅವರು ಬಯಸಿದರು. ಆರು ಬೋಲ್ಟುಗಳಿಂದ ಅಷ್ಟು ಸಾಧ್ಯವೇ ಎಂಬುದು ಅವರಿಗೆ ನಿಶ್ಚಯವಿರಲಿಲ್ಲ. ವಿಜ್ಞಾನಿಯಾಗಿ ತಾವು ಮಾಡಬೇಕಾದ ಕೆಲಸದಲ್ಲಿ ಅರ್ಧವಷ್ಟೇ ಮುಗಿದಿದೆ ಎನ್ನಿಸಿತು. ವಯಸ್ಸು ಮಾತ್ರ ಪೂರ್ತಿ ಆಗಿತ್ತು.

ಕಾಂಕ್ರೀಟು ಒಣಗಿ ಬಿರಿಯದಂತೆ ಗೋಣಿತಾಟು ಹೊದಿಸಿ ದಿನವೂ ನೀರುಣಿಸಬೇಕು. ಮರುದಿನ ಬೆಳಿಗ್ಗೆ ಇಬ್ಬರೂ ಬಕೆಟ್ಟು ಹಿಡಿದು ಹೋದರು. ಸುತ್ತಲೂ ಹಳೆಯ ಕಾರ್ಖಾನೆಯ ಬಯಲು, ಆಳೆತ್ತರಕ್ಕೆ ಬೆಳೆದ ಹುಲ್ಲು. ತೊಯ್ದ ಗೋಣಿತಾಟಿನಿಂದ ಹೊರಗೆ ಚಾಚಿದ್ದ ಬೋಲ್ಟುಗಳ ತುದಿಗಳನ್ನು ನೀಲಗಂಗವ್ವ ಒಂದೊಂದಾಗಿ ಮುಟ್ಟಿ ಅಲುಗಿಸಿ ನೋಡಿದಳು.

"ಅಕ್ಕಾರ, ನಾ ಸಣ್ಣಾಕಿ ಇದ್ದಾಗ ಎಲ್ಲಾ ಕಡೆ ಇಂಥಾವ ಇದ್ದೂ ಏನ್ರಿ?"

"ಎಲ್ಲಾ ಕಡೆ."

"ಹಂಗಾರ ಆವಾಗ ಕಂಪನಿ ಬಿಟ್ಟು ಹೋಗ್ತಿರಲಿಲ್ಲ ಬಿಡ್ರಿ."

"ಹೋಗ್ತಿದ್ವು. ಮುಚ್ಚಿ ಹೋಗ್ತಿದ್ವು. ಆದ್ರೆ ಇಷ್ಟು ಬೇಗ ಅಲ್ಲ. ಕೀಳೋಕೇ ಒಂದೆರಡು ವರ್ಷ ಹಿಡಿಯೋದು. ಮುಚ್ತಾರಂತೆ ಅನ್ನೋ ಸುದ್ದಿ ಎಷ್ಟೋ ಮೊದಲೇ ಗೊತ್ತಾಗ್ತಿತ್ತು. ಪೇಪರಲ್ಲಿ ಬರೋದು, ಗೇಟಿನ ಮುಂದೆ ಜನ ಕೂರೋರು."

"ಅಂದ್ರ ಟೈಮ್ ಇರ್ತಿತ್ತು."

"ಇರ್ತಿತ್ತು."

ನೀಲಗಂಗವ್ವ ಬಕೆಟ್ಟು ಕೆಳಗಿಟ್ಟು ಅವರ ಮುಖ ನೋಡಿದಳು. ಅವಳ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು.

"ಆ ಟೈಮಿನ್ಯಾಗ ನೀವೆಲ್ಲಾ ಏನ್ ಮಾಡ್ತಿದ್ರಿ?"

ಸರ್ವಮಂಗಳಾ ತಮ್ಮ ಇಪ್ಪತ್ತೆಂಟು, ಮೂವತ್ತರ ವಯಸ್ಸನ್ನು ನೆನಪಿಸಿಕೊಂಡರು. ಕಾಲೇಜಿಗೆ ಹೋಗುವ ದಾರಿಯಲ್ಲಿ ಮುಚ್ಚಲಿದ್ದ ಗಿರಣಿಯೊಂದಿತ್ತು. ಗೇಟಿನೆದುರು ಶಾಮಿಯಾನ, ಅದರಡಿ ಕೂತ ಹೆಂಗಸರು. ಬಸ್ಸು ಅಲ್ಲಿ ನಿಧಾನವಾಗುತ್ತಿತ್ತು. ಆಗ ತಾವು ಕಿಟಕಿಯ ಪಕ್ಕ ಕೂತು ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದುದು ನೆನಪಿಗೆ ಬಂತು. ಏನನ್ನು ಎಂಬುದು ನೆನಪಾಗಲಿಲ್ಲ.